ತಾರಾಸಮರದ ಆಟಗಳಲ್ಲಿ ರಸವಿಚಾರ

ನಾಟ್ಯದ ಹುಟ್ಟನ್ನು ಹೇಳುವಲ್ಲಿ ಭರತಮುನಿಯು ಒಂದು ವಿನೋದವಾದ ಸಂಗತಿಯನ್ನು ತಿಳಿಸಿದ್ದಾನೆ. ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದುದು ಕಾವ್ಯವನ್ನಲ್ಲ, ಶಾಸ್ತ್ರವನ್ನಲ್ಲ. ಒಂದು ಕ್ರೀಡನೀಯಕವನ್ನು, ಎಂದರೆ ಆಟದ ಸಾಮಾನನ್ನು. ಅದು ಕಣ್ಣಿಗೂ ಕಿವಿಗೂ ವಿಷಯವಾಗಿರಬೇಕೆಂಬುದಷ್ಟೇ ಅವರ ಬೇಡಿಕೆ. ಕೇಳಿದುದು ಆಟದ ಸಾಮಾನು, ದೊರೆತುದು ಐದನೆಯ ವೇದ. ಈ ಕಥೆಯನ್ನು ಬಲ್ಲವರು ವಿಡಿಯೋ ಆಟವೆಂಬ ಹೆಸರನ್ನು ಕೇಳಿದ ಮಾತ್ರಕ್ಕೆ ಮೂಗು ಮುರಿಯುವುದು ಯುಕ್ತವಲ್ಲ. ಆಟವಾಗಿರುವುದೊಂದೇ ಕಾರಣದಿಂದ ಯಾವ ವಸ್ತುವೂ ವಿಮರ್ಶೆಗೆ ಅನರ್ಹವಾಗಲಾರದು. ಅದರಲ್ಲಿ ಆಸ್ವಾದಕ್ಕೆ ತಕ್ಕುದು ಏನಾದರೂ ಉಂಟೋ ಇಲ್ಲವೋ ಎಂಬುದೇ ಕೇಳಬೇಕಾದ ಪ್ರಶ್ನೆ. ಮನೆಮನೆಯಲ್ಲಿಯೂ ಹುಡುಗರು ಇಂತಹ ಆಟಗಳ ಮುಂದೆ ಗಂಟೆಗಟ್ಟಲೆ ಕುಳಿತಿರುವ ಈ ಕಾಲದಲ್ಲಿ, ಗದರಿಸಿ ಎಬ್ಬಿಸುವುದಕ್ಕೆ ಮುಂಚೆ ಹಿರಿಯರು ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ವಿಚಾರಕ್ಕೆ ಒಂದು ನಿದರ್ಶನ ಬೇಕು. ಅಮೇರಿಕೆಯ ಜಾರ್ಜ್ ಲ್ಯೂಕಾಸ್ ಎಂಬವರ ಕಲ್ಪನೆಯಿಂದ 1977ನೆಯ ಇಸವಿಯಲ್ಲಿ ‘ಸ್ಟಾರ್ ವಾರ್ಸ್’ ಎಂಬ ಚಲನಚಿತ್ರವು ಹೊರಟಿತು. ಅದರ ಮುಂದಿನ ಭಾಗಗಳಾದ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ 1980ರಲ್ಲಿಯೂ ‘ರಿಟರ್ನ್ ಆಫ್ ದಿ ಜೆಡೈ’ 1983ರಲ್ಲಿಯೂ ಬಂದುವು. ಮರಳುಗಾಡಿನ ಗ್ರಹವೊಂದರಲ್ಲಿ ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದ ಲ್ಯೂಕ್ ಎಂಬ ತರುಣನು, ಓಬಿ-ವಾನ್ ಎಂಬ ವೃದ್ಧಗುರುವಿನಿಂದ ‘ಫೋರ್ಸ್’ ಎಂದು ಹೆಸರಾದ ಸರ್ವವ್ಯಾಪಿಯಾದ ಶಕ್ತಿಯ ವಿಷಯವನ್ನು ಅರಿತು, ಗ್ರಹಗಳನ್ನೇ ಸಿಡಿಸಬಲ್ಲ ‘ಡೆತ್ ಸ್ಟಾರ್’ ಎಂಬ ಯಂತ್ರದುರ್ಗವನ್ನು ನಾಶಮಾಡುವುದು ಮೊದಲನೆಯ ಚಿತ್ರದ ಕಥೆ. ಸಾಮ್ರಾಜ್ಯದ ಕರಿಯ ಕವಚದ ಸೇನಾನಿ ಡಾರ್ತ್ ವೇಡರನೇ ತನ್ನ ತಂದೆಯೆಂದು ಲ್ಯೂಕನಿಗೆ ತಿಳಿದುಬರುವುದು ಎರಡನೆಯದರ ಮರ್ಮ. ಆ ತಂದೆಯು ಕಡೆಯ ಗಳಿಗೆಯಲ್ಲಿ ಕತ್ತಲೆಯಿಂದ ಹಿಂದಿರುಗುವುದು ಮೂರನೆಯದರ ನಿರ್ವಹಣ. ಹೊರಗಡೆಯ ಯುದ್ಧಾಡಂಬರವನ್ನೆಲ್ಲ ಸರಿಸಿ ನೋಡಿದರೆ ಈ ಚಿತ್ರಗಳ ಒಡಲಿನಲ್ಲಿ ಇರುವುದು ಎರಡೇ ಮಾತು: ಯಂತ್ರಬಲಕ್ಕಿಂತ ಅಂತರಂಗದ ಬಲವು ಮೇಲೆಂಬುದು ಒಂದು, ತಾನು ಯಾರೆಂದು ಮನುಷ್ಯನು ತಿಳಿದುಕೊಂಡಿರುವನೋ ಅದು ಅವನ ನಿಜವಲ್ಲದೆ ಇರಬಹುದೆಂಬುದು ಇನ್ನೊಂದು.

ಈ ಕಥಾಸಮುದಾಯವನ್ನು ಆಧರಿಸಿ 1982ರಿಂದ ಈಚೆಗೆ ಹುಟ್ಟಿರುವ ಆಟಗಳು ಬಹಳ. ಅವುಗಳಲ್ಲಿ ಹಳೆಯ ಕೆಲವನ್ನು ರಸಿಕರಾದವರು ಇಂದಿಗೂ ಹುಡುಕಿ ಆಡುತ್ತಾರೆ. ಯಾವುದು ಮೇಲು ಯಾವುದು ಕೀಳು ಎಂದು ವಾದಿಸುವಾಗ ಬಹುಮಂದಿ ಹಿಡಿಯುವ ಅಳತೆಗೋಲು ಸಾದೃಶ್ಯವೆಂಬುದು: ಪರದೆಯ ಮೇಲಿನ ಚಿತ್ರವು ಚಲನಚಿತ್ರಕ್ಕೆ ಎಷ್ಟು ಹೋಲುತ್ತದೆ, ಧ್ವನಿಯು ಎಷ್ಟು ಹೋಲುತ್ತದೆ ಎಂಬುದು. ಈ ಅಳತೆಯು ಸಲ್ಲದು. ಆಟದ ದ್ರವ್ಯವು ಚಿತ್ರವಲ್ಲ, ಮಾತೂ ಅಲ್ಲ. ಆಡುವವನು ಮಾಡತಕ್ಕ ಕ್ರಿಯೆ. ಆ ಕ್ರಿಯೆಯಿಂದಲೇ ಮೂಲಕಥೆಯ ಒಳಮಾತು ಧ್ವನಿತವಾದರೆ ಅದು ಒಳ್ಳೆಯ ಆಟ; ಇಲ್ಲವಾದರೆ ಪರದೆಯ ಮೇಲೆ ಸಾಕ್ಷಾತ್ ಚಲನಚಿತ್ರವೇ ಓಡಿದರೂ ಅದು ಬೊಂಬೆಗೆ ಉಡಿಸಿದ ಪೀತಾಂಬರ.

ಇಲ್ಲಿ ಒಂದು ಆಕ್ಷೇಪಕ್ಕೆ ಮೊದಲೇ ಉತ್ತರ ಹೇಳಬೇಕಾಗುತ್ತದೆ. ರಸವು ಸಹೃದಯನಾದ ಪ್ರೇಕ್ಷಕನಿಗೆ ಉಂಟಾಗತಕ್ಕುದು. ನಟನಾದರೋ ಪಾತ್ರ, ಪಾತ್ರೆಯು ತನ್ನೊಳಗಿನ ಪಾನೀಯದ ಸವಿಯನ್ನು ಅರಿಯದು ಎಂಬುದು ಅಭಿನವಗುಪ್ತನ ಪಕ್ಷ. ವಿಡಿಯೋ ಆಟದಲ್ಲಿ ಆಡುವವನೇ ನಟ, ಅವನೇ ಪ್ರೇಕ್ಷಕ. ಇದಲ್ಲದೆ, ಸ್ವಂತ ಸುಖದುಃಖಗಳಲ್ಲಿ ಮುಳುಗಿದವನಿಗೆ ರಸಾಸ್ವಾದವಾಗದೆಂದು ಅದೇ ಆಚಾರ್ಯನು ರಸವಿಘ್ನಗಳನ್ನು ಎಣಿಸುವಲ್ಲಿ ಹೇಳಿದ್ದಾನೆ. ಗೆಲ್ಲುವೆನೋ ಸೋಲುವೆನೋ ಎಂದು ಬೆವರುತ್ತಿರುವ ಆಟಗಾರನಿಗೆ ಇನ್ನಾವ ರಸ? ಆಕ್ಷೇಪವು ಬಲವಾದುದೇ. ಆದರೆ ದಶರೂಪಕವನ್ನು ಬರೆದ ಧನಂಜಯನು, ಕಾವ್ಯಾರ್ಥವನ್ನು ಭಾವಿಸಬಲ್ಲ ನಟನಿಗೆ ಆಸ್ವಾದವಿಲ್ಲವೆಂದು ಹೇಳಲಾಗದೆಂದು ಒಪ್ಪಿದ್ದಾನೆ. ಮತ್ತೆ, ಆಟಗಾರನ ಭಯವು ಹುಲಿಯ ಮುಂದೆ ನಿಂತವನ ಭಯದಂತಹುದಲ್ಲ. ಸೋತರೆ ಹೋಗುವುದು ಒಂದು ಬಿಲ್ಲೆಯ ನಾಣ್ಯ ಅಥವಾ ಒಂದು ಗಂಟೆಯ ಹೊತ್ತು. ಅದೂ ಅಲ್ಲದೆ, ಹತ್ತು ಸಲ ಸೋತು ಹನ್ನೊಂದನೆಯ ಸಲ ಅದೇ ಸ್ಥಳಕ್ಕೆ ಬಂದವನಲ್ಲಿ ಗಾಬರಿ ಅಡಗಿ ಪರಿಚಯದಿಂದ ಹುಟ್ಟುವ ಒಂದು ಶಾಂತವಾದ ದೃಷ್ಟಿ ಏರ್ಪಡುತ್ತದೆ. ಒಂದೇ ರಾಗವನ್ನು ಮತ್ತೆ ಮತ್ತೆ ಸಾಧನೆಮಾಡಿದವನಿಗೆ ಆಗುವಂತೆ. ಆ ದೃಷ್ಟಿಗೆ ಗೋಚರವಾಗತಕ್ಕುದೇನು ಎಂಬುದರಲ್ಲಿಯೇ ಆಟ ಆಟಕ್ಕೂ ಇರುವ ತಾರತಮ್ಯವು ತಿಳಿಯುವುದು.

ಈ ಸಾಲಿನ ಮೊದಲನೆಯ ಆಟವನ್ನು 1982ರಲ್ಲಿ ಪಾರ್ಕರ್ ಬ್ರದರ್ಸ್ ಎಂಬ ಸಂಸ್ಥೆಯವರು ಮನೆಯ ಟೆಲಿವಿಷನ್ನಿಗೆ ಜೋಡಿಸತಕ್ಕ ಅಟಾರಿ ಯಂತ್ರಕ್ಕಾಗಿ ಹೊರತಂದರು. ಎರಡನೆಯ ಚಿತ್ರದ ಹೆಸರೇ ಇದರ ಹೆಸರು. ಹೋತ್ ಎಂಬ ಹಿಮಗ್ರಹದಲ್ಲಿ ಸಾಮ್ರಾಜ್ಯದ ನಾಲ್ಕು ಕಾಲಿನ ದೈತ್ಯಯಂತ್ರಗಳು ದಂಗೆಕೋರರ ನೆಲೆಯ ಕಡೆಗೆ ಒಂದೇ ಸಮನೆ ನಡೆದು ಬರುತ್ತವೆ; ಆಡುವವನು ಒಂದು ಸಣ್ಣ ವಿಮಾನದಲ್ಲಿ ಕುಳಿತು ಅವುಗಳನ್ನು ತಡೆಯಬೇಕು. ಚಿತ್ರಗಳೋ ಮಕ್ಕಳು ಇಟ್ಟಿಗೆಯ ತುಂಡುಗಳನ್ನು ಜೋಡಿಸಿದಂತೆ ಒರಟು. ಆದರೆ ಈ ಆಟದಲ್ಲಿ ಗೆಲವೆಂಬುದೇ ಇಲ್ಲ. ಒಂದು ಯಂತ್ರವು ಬಿದ್ದರೆ ಮತ್ತೊಂದು ಬರುತ್ತದೆ; ಎಷ್ಟು ಹೊತ್ತು ತಡೆದೆ ಎಂಬುದೊಂದೇ ಲೆಕ್ಕ. ಚಲನಚಿತ್ರದಲ್ಲಿಯೂ ಹೋತ್ ಯುದ್ಧವು ಸೋಲೇ. ಉಳಿದವರು ತಪ್ಪಿಸಿಕೊಳ್ಳುವುದಕ್ಕೆ ಬೇಕಾದಷ್ಟು ಹೊತ್ತನ್ನು ಗಳಿಸುವುದೇ ಅಲ್ಲಿಯ ವೀರರ ಕೆಲಸ. ಆ ಕಾಲದ ಆಟಗಳೆಲ್ಲ ಹೀಗೆ ಕೊನೆಯಿಲ್ಲದವೇ ಆಗಿದ್ದುವು, ಇದು ಯಂತ್ರದ ದಾರಿದ್ರ್ಯವೇ ಹೊರತು ಕವಿಯ ಉದ್ದೇಶವಲ್ಲ ಎನ್ನಬಹುದು. ಇರಲಿ. ಉದ್ದೇಶವನ್ನು ವಿಚಾರಿಸಿ ಆಮೇಲೆ ಬರುವ ಸ್ವಭಾವವು ರಸಕ್ಕೆ ಇಲ್ಲ.

ಮುಂದಿನ ವರ್ಷ, ಎಂದರೆ 1983ರಲ್ಲಿ, ಅಟಾರಿಯವರು ‘ಸ್ಟಾರ್ ವಾರ್ಸ್’ ಎಂಬ ಹೆಸರಿನಿಂದಲೇ ನಾಣ್ಯ ಹಾಕಿ ಆಡತಕ್ಕ ಪೆಟ್ಟಿಗೆಯ ಆಟವೊಂದನ್ನು ಅಂಗಡಿಗಳಲ್ಲಿ ನಿಲ್ಲಿಸಿದರು. ಇದನ್ನು ಸ್ವಲ್ಪ ವಿವರವಾಗಿ ನೋಡತಕ್ಕುದು ಅವಶ್ಯ. ಇದರ ಪರದೆಯು ಸಾಮಾನ್ಯವಾದ ಪರದೆಯಂತೆ ಚುಕ್ಕೆಗಳನ್ನು ಸಾಲುಸಾಲಾಗಿ ತುಂಬುವುದಲ್ಲ. ಎಲೆಕ್ಟ್ರಾನ್ ಕಿರಣವು ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ನೇರವಾಗಿ ಗೆರೆಯನ್ನು ಎಳೆಯುತ್ತದೆ. ಆದುದರಿಂದ ಇದರಲ್ಲಿ ಮೈಯಿಲ್ಲ, ನೆರಳಿಲ್ಲ, ಮುಖವಿಲ್ಲ. ಕಾಡಿಗೆಯಂತಹ ಕತ್ತಲೆಯಲ್ಲಿ ಬಣ್ಣದ ಬೆಳಕಿನ ರೇಖೆಗಳು ಮಾತ್ರ ಇವೆ. ಶತ್ರುವಿಮಾನವೆಂದರೆ ನಾಲ್ಕಾರು ಗೆರೆ. ಡೆತ್ ಸ್ಟಾರ್ ಎಂದರೆ ಒಂದು ವೃತ್ತದ ಬಲೆ. ಉಳಿದುದನ್ನೆಲ್ಲ ನೋಡುವವನ ಮನಸ್ಸೇ ತುಂಬಿಕೊಳ್ಳಬೇಕು. ಹೇಳದೆ ಬಿಟ್ಟುದರಿಂದಲೇ ಹೆಚ್ಚನ್ನು ತಿಳಿಸುವುದು ವ್ಯಂಜನೆಯ ಕೆಲಸವೆಂದು ಆನಂದವರ್ಧನನು ಸಾಧಿಸಿದನಷ್ಟೆ. ಬಡ ರೇಖೆಗಳ ಈ ಆಟವು ಇಪ್ಪತ್ತು ವರ್ಷ ಕಳೆದ ಮೇಲೆ ಬಂದ ಶ್ರೀಮಂತ ಚಿತ್ರಗಳ ಆಟಗಳಿಗಿಂತ ಅನೇಕರ ಸ್ಮರಣೆಯಲ್ಲಿ ಹಸಿರಾಗಿ ಉಳಿದಿರುವುದಕ್ಕೆ ಇದು ಒಂದು ಕಾರಣವಾಗಿರಬೇಕು.

ಆಡುವವನು ಲ್ಯೂಕನ ವಿಮಾನದ ಮೂತಿಯನ್ನು ಮಾತ್ರ ಕಾಣುತ್ತಾನೆ, ಲ್ಯೂಕನನ್ನು ಕಾಣುವುದಿಲ್ಲ. ಎರಡು ಕೈಗಳಿಂದಲೂ ಹಿಡಿಯತಕ್ಕ ಒಂದು ಹಿಡಿಯನ್ನು ತಿರುಗಿಸಿದಂತೆಲ್ಲ ಗುರಿಯ ಗುರುತು ಓಡಾಡುತ್ತದೆ. ಮೊದಲು ಬಾಹ್ಯಾಕಾಶದಲ್ಲಿ ಶತ್ರುವಿಮಾನಗಳೊಡನೆ ಹೋರಾಟ. ಆಮೇಲೆ ಡೆತ್ ಸ್ಟಾರಿನ ಮೈಮೇಲಿನ ಗೋಪುರಗಳ ನಡುವೆ ಹಾರಾಟ. ಕೊನೆಗೆ ಆ ಇಕ್ಕಟ್ಟಾದ ಕಂದಕ, ಅದರ ತುದಿಯಲ್ಲಿ ಹೊಡೆಯಬೇಕಾದ ಸಣ್ಣ ರಂಧ್ರ. ಚಲನಚಿತ್ರದಿಂದಲೇ ಎತ್ತಿದ ಕಂಠಧ್ವನಿಗಳು ನಡುನಡುವೆ ಕೇಳಿಬರುತ್ತವೆ. ಓಬಿ-ವಾನನ ಧ್ವನಿಯೂ ಅವುಗಳಲ್ಲಿ ಉಂಟು. ವೇಡರನ ವಿಮಾನಕ್ಕೆ ಗುಂಡು ತಗಲಿದರೆ ಅಂಕ ದೊರೆಯುವುದೇ ಹೊರತು ಅದು ನಾಶವಾಗುವುದಿಲ್ಲ. ಇದು ಉಚಿತವೇ ಸರಿ: ತಂದೆಯು ಮಗನ ಕೈಯಲ್ಲಿ ಹೀಗೆ ಅಂಗಡಿಯ ಮೂಲೆಯಲ್ಲಿ ಸಾಯತಕ್ಕವನಲ್ಲ.

ಆದರೆ ಈ ಆಟದ ಜೀವಸ್ಥಾನವು ಬೇರೆ ಕಡೆ ಇದೆ. ಚಲನಚಿತ್ರದಲ್ಲಿ ಲ್ಯೂಕನು ಕಂದಕದೊಳಗೆ ಹಾರುತ್ತಿರುವಾಗ ಮೃತನಾದ ಗುರುವಿನ ಧ್ವನಿಯನ್ನು ಕೇಳಿ ಗುರಿಹಿಡಿಯುವ ಯಂತ್ರವನ್ನು ಆರಿಸಿಬಿಡುತ್ತಾನೆ. ಇದನ್ನು ಆಟವಾಗಿ ಮಾಡುವುದು ಹೇಗೆ? ಒಂದು ಗುಂಡಿಯನ್ನು ಒತ್ತಿಸಿ ಯಂತ್ರವನ್ನು ಆರಿಸುವಂತೆ ಮಾಡಿದ್ದರೆ ಅದು ಬರಿಯ ಅನುಕರಣವಾಗುತ್ತಿತ್ತು. ಆಟವನ್ನು ರಚಿಸಿದವರು ಮಾಡಿದುದು ಇದು: ಕಂದಕದ ಉದ್ದಕ್ಕೂ ಸುತ್ತಲಿಂದ ಬೆಂಕಿಯ ಉಂಡೆಗಳು ಬೀಳುತ್ತಿದ್ದರೂ ಒಂದು ಗುಂಡನ್ನೂ ಹಾರಿಸದೆ, ಕೊನೆಯ ರಂಧ್ರಕ್ಕೆ ಮಾತ್ರ ಹೊಡೆದವನಿಗೆ ಫೋರ್ಸನ್ನು ಆಶ್ರಯಿಸಿದುದಕ್ಕಾಗಿ ವಿಶೇಷವಾದ ಅಂಕಗಳು ದೊರೆಯುತ್ತವೆ. ಕೈಯಲ್ಲಿ ಆಯುಧವಿದೆ, ಎದುರಿನಲ್ಲಿ ಶತ್ರುವಿದ್ದಾನೆ, ಬೆರಳು ತಾನಾಗಿಯೇ ತುಡಿಯುತ್ತದೆ. ಆ ಬೆರಳನ್ನು ತಡೆಯುವುದೇ ಇಲ್ಲಿಯ ಪರಾಕ್ರಮ. ಹೊಡೆಯುವುದಕ್ಕೆಂದೇ ಹುಟ್ಟಿದ ಯಂತ್ರದಲ್ಲಿ ಹೊಡೆಯದೆ ಇರುವುದನ್ನು ಮನ್ನಿಸಿದ್ದಾರೆ. ಚಿತ್ರದ ಅಭಿನಯವನ್ನು ಬಿಟ್ಟು ಅದರ ಅರ್ಥವನ್ನು ಕೈಗೆ ತಂದ ಈ ಒಂದು ಉಪಾಯದಿಂದ ಆಟವು ಕಾವ್ಯಪದವಿಯನ್ನು ಮುಟ್ಟಿದೆಯೆಂದರೆ ಅತಿಶಯೋಕ್ತಿಯಾಗದು. ದುರ್ಗವನ್ನು ಸಿಡಿಸಿದ ಕೂಡಲೆ ಇನ್ನೊಂದು ದುರ್ಗವು ಎದುರಿಗೆ ನಿಲ್ಲುವುದು ಮಾತ್ರ ಅನುಚಿತವೆಂದು ತೋರಬಹುದು. ಅದೇ ವರ್ಷ ಬಂದ ಮೂರನೆಯ ಚಲನಚಿತ್ರದಲ್ಲಿ ಸಾಮ್ರಾಜ್ಯದವರು ಎರಡನೆಯ ಡೆತ್ ಸ್ಟಾರನ್ನು ಕಟ್ಟುತ್ತಿದ್ದರು. ಆದುದರಿಂದ ಈ ದೋಷದಲ್ಲಿ ಅರ್ಧವನ್ನು ಮೂಲದ ಮೇಲೆಯೇ ಹೊರಿಸಬೇಕು.

ಇದರ ಮುಂದಿನ ಹತ್ತು ವರ್ಷಗಳ ಆಟಗಳನ್ನು ಬೇಗನೆ ದಾಟಿಹೋಗಬಹುದು. 1992ರಿಂದ 1994ರವರೆಗೆ ನಿಂಟೆಂಡೋ ಯಂತ್ರಕ್ಕಾಗಿ ಬಂದ ‘ಸೂಪರ್ ಸ್ಟಾರ್ ವಾರ್ಸ್’ ಮೊದಲಾದ ಮೂರು ಆಟಗಳು ಮೂರು ಚಿತ್ರಗಳನ್ನೂ ಅನುಸರಿಸಿ ನಡೆಯುತ್ತವೆ. ಅವುಗಳ ಕಾಠಿಣ್ಯವು ಪ್ರಸಿದ್ಧವಾಗಿದೆ, ಅದನ್ನು ಮೆಚ್ಚುವವರೂ ಉಂಟು. ಆದರೆ ಮೂಲದಲ್ಲಿ ಹಳ್ಳಿಯ ಹುಡುಗನಾಗಿ ಬೆರಗಿನಿಂದ ಕಣ್ಣರಳಿಸಿಕೊಂಡಿದ್ದ ಲ್ಯೂಕನು ಇಲ್ಲಿ ಮೊದಲನೆಯ ಹೆಜ್ಜೆಯಿಂದಲೇ ಮರಳುಗಾಡಿನಲ್ಲಿ ಜಿಗಿಜಿಗಿದು ಕಂಡಕಂಡ ಪ್ರಾಣಿಗಳನ್ನೆಲ್ಲ ಸುಟ್ಟುಹಾಕುತ್ತಾ ಹೋಗುತ್ತಾನೆ. ಔಚಿತ್ಯವೇ ರಸದ ಪ್ರಾಣವೆಂದು ಹೇಳಿದ ಕ್ಷೇಮೇಂದ್ರನಿಗೆ ಇದನ್ನು ತೋರಿಸಿದ್ದರೆ ಅನೌಚಿತ್ಯಕ್ಕೆ ಹೊಸ ಉದಾಹರಣೆಯನ್ನು ಹುಡುಕುವ ಶ್ರಮ ಅವನಿಗೆ ತಪ್ಪುತ್ತಿತ್ತು. 1993ರ ‘ರೆಬೆಲ್ ಅಸಾಲ್ಟ್’ ಎಂಬುದು ಇದಕ್ಕೆ ವಿರುದ್ಧವಾದ ದೋಷವುಳ್ಳದು. ಸಿ.ಡಿ.ರಾಮ್ ತಟ್ಟೆಯಲ್ಲಿ ತುಂಬಿಬಂದ ಇದರಲ್ಲಿ ಚಲನಚಿತ್ರದ ದೃಶ್ಯಗಳೇ ಓಡುತ್ತವೆ, ಆಗಿನವರು ಬೆರಗಾದರು. ಆದರೆ ವಿಮಾನವು ಹಳಿಯ ಮೇಲಿನ ಬಂಡಿಯಂತೆ ಮೊದಲೇ ನಿಯತವಾದ ದಾರಿಯಲ್ಲಿ ಹೋಗುತ್ತದೆ. ಸಾದೃಶ್ಯವು ಪೂರ್ಣ, ಕ್ರಿಯೆಯು ಶೂನ್ಯಪ್ರಾಯ. ಇಂದು ಅದನ್ನು ನೋಡಿದವರಿಗೆ ಅದರ ಚಿತ್ರಗಳು ಮಾಸಿ ಕಾಣುತ್ತವೆ. ಚಿತ್ರವು ಮಾಸಿದ ಮೇಲೆ ಉಳಿಯುವುದಕ್ಕೆ ಅದರಲ್ಲಿ ಬೇರೇನೂ ಇರಲಿಲ್ಲ.

ಅದೇ 1993ರಲ್ಲಿ ಲಾರೆನ್ಸ್ ಹಾಲೆಂಡ್ ಮತ್ತು ಎಡ್ವರ್ಡ್ ಕಿಲ್ಹ್ಯಾಂ ಎಂಬವರು ರಚಿಸಿ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯ ಮೂಲಕ ಹೊರಬಂದ ‘ಎಕ್ಸ್-ವಿಂಗ್’ ಮತ್ತು 1994ರಲ್ಲಿ ಅದರ ಬೆನ್ನಿಗೆ ಬಂದ ‘ಟೈ ಫೈಟರ್’ ಎಂಬ ಎರಡು ಆಟಗಳು ನಿಜವಾದ ಸಾಧನೆ. ಮೊದಲನೆಯದರಲ್ಲಿ ಆಡುವವನು ದಂಗೆಕೋರರ ಸೈನ್ಯದ ಒಬ್ಬ ವಿಮಾನಚಾಲಕ. ತನ್ನ ವಿಮಾನದ ಪರಿಮಿತವಾದ ಶಕ್ತಿಯನ್ನು ಆಯುಧಕ್ಕೆಷ್ಟು, ರಕ್ಷಾಕವಚಕ್ಕೆಷ್ಟು, ವೇಗಕ್ಕೆಷ್ಟು ಎಂದು ಅವನು ಹೋರಾಟದ ನಡುವೆಯೇ ಹಂಚಬೇಕು. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕಡಮೆ. ಬಡ ಸೈನ್ಯದ ಬಡತನವನ್ನು ಯಾರೂ ಮಾತಿನಲ್ಲಿ ವರ್ಣಿಸುವುದಿಲ್ಲ. ಅದು ಬೆರಳುಗಳಿಗೆ ತಿಳಿಯುತ್ತದೆ.

‘ಟೈ ಫೈಟರ್’ ಇನ್ನೂ ಧೀರವಾದ ಕೃತಿ. ಇದರಲ್ಲಿ ಆಡುವವನು ಸಾಮ್ರಾಜ್ಯದ ಸೇವಕ. ಪ್ರತಿನಾಯಕನ ಪಾಳೆಯದಲ್ಲಿ ನಿಂತು ಕಥೆಯನ್ನು ನೋಡುವುದು ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಭಾಸನ ‘ಊರುಭಂಗ’ವನ್ನು ಓದಿದವರಿಗೂ ರನ್ನನ ದುರ್ಯೋಧನನನ್ನು ಕಂಡವರಿಗೂ ಆ ಪಾಳೆಯದಲ್ಲಿಯೂ ಒಂದು ಘನತೆಯಿರಬಹುದೆಂದು ಗೊತ್ತು. ಆದರೆ ಈ ಆಟವು ಹಿಡಿದ ದಾರಿಯು ಬೇರೆ. ಇದು ಪ್ರತಿಪಕ್ಷದ ವೀರನ ಘನತೆಯನ್ನಲ್ಲ, ಸಾಮಾನ್ಯನೊಬ್ಬನು ಅಧರ್ಮಕ್ಕೆ ಹೇಗೆ ಒಗ್ಗಿಕೊಳ್ಳುತ್ತಾನೆಂಬುದನ್ನು ತೋರಿಸುತ್ತದೆ. ಸಾಮ್ರಾಜ್ಯವು ಇಲ್ಲಿ ತನ್ನನ್ನು ರಾಕ್ಷಸರಾಜ್ಯವೆಂದು ಹೇಳಿಕೊಳ್ಳುವುದಿಲ್ಲ, ಶಾಂತಿಪಾಲಕನೆಂದು ಹೇಳಿಕೊಳ್ಳುತ್ತದೆ. ಕಳ್ಳಸಾಗಣೆಯವರನ್ನು ತಡೆಯುವುದು, ಪರಸ್ಪರ ಕಾದಾಡುತ್ತಿರುವ ಎರಡು ಜನಾಂಗಗಳ ನಡುವೆ ಪ್ರವೇಶಿಸಿ ಯುದ್ಧವನ್ನು ನಿಲ್ಲಿಸುವುದು, ಇಂತಹ ಕಾರ್ಯಗಳನ್ನು ಮಾಡುತ್ತಾ ಮಾಡುತ್ತಾ ಚಾಲಕನಿಗೆ ತಾನು ಸುವ್ಯವಸ್ಥೆಯ ರಕ್ಷಕನೆಂದೇ ಅನ್ನಿಸತೊಡಗುತ್ತದೆ. ಆಮೇಲೆ ಬರುವುದು ಪದಕಗಳು. ಕಾರ್ಯವಿವರಣೆಯ ಕೊಠಡಿಯ ಮೂಲೆಯಲ್ಲಿ ನಿಲುವಂಗಿ ತೊಟ್ಟ ಒಬ್ಬನು ನಿಂತಿರುತ್ತಾನೆ. ಸೇನಾಧಿಕಾರಿಯು ಹೇಳದ ಗುಪ್ತಕಾರ್ಯಗಳನ್ನು ಅವನು ಹೇಳುತ್ತಾನೆ. ಅವುಗಳನ್ನು ಸಾಧಿಸಿದವನು ಚಕ್ರವರ್ತಿಯ ರಹಸ್ಯಮಂಡಲಿಯಲ್ಲಿ ಮೇಲಕ್ಕೇರುತ್ತಾನೆ, ಅವನ ತೋಳಿನ ಮೇಲೆ ಹಚ್ಚೆಯ ಗುರುತುಗಳು ಬೆಳೆಯುತ್ತವೆ. ಯಾರೂ ಅವನಿಗೆ ಕೆಟ್ಟವನಾಗೆಂದು ಹೇಳಲಿಲ್ಲ. ಅಂಕದ ಆಸೆಯೊಂದೇ ಸಾಕಾಯಿತು.

ಇಷ್ಟಕ್ಕೂ ಅವನಿಗೆ ಕೊಟ್ಟ ವಿಮಾನವಾದರೂ ಎಂತಹುದು? ಎದುರಾಳಿಯ ವಿಮಾನಗಳಿಗೆ ರಕ್ಷಾಕವಚವಿದೆ. ಈ ಟೈ ವಿಮಾನಕ್ಕೆ ಇಲ್ಲ. ಎರಡು ಪೆಟ್ಟು ಸರಿಯಾಗಿ ತಗಲಿದರೆ ಮುಗಿಯಿತು. ಯಾವ ಸಾಮ್ರಾಜ್ಯವನ್ನು ಅವನು ಅಷ್ಟು ನಿಷ್ಠೆಯಿಂದ ಸೇವಿಸುತ್ತಿರುವನೋ ಆ ಸಾಮ್ರಾಜ್ಯವು ಅವನ ಪ್ರಾಣಕ್ಕೆ ಕಟ್ಟಿದ ಬೆಲೆಯು ಅವನು ಕುಳಿತ ಪೆಟ್ಟಿಗೆಯ ತೆಳುವಾದ ತಗಡಿನಲ್ಲಿಯೇ ಬರೆದಿದೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳದಿರುವುದರಿಂದಲೇ ಇದು ಧ್ವನಿ.

ಇದೇ ಆಟದ ಸಂಗೀತದ ವಿಷಯದಲ್ಲಿ ನಡೆದ ಒಂದು ಸಂಗತಿಯು ಸಾದೃಶ್ಯವಾದಿಗಳಿಗೆ ಪಾಠವಾಗಬೇಕು. ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಎಂಬ ಸಂಗೀತಜ್ಞರು ಲ್ಯೂಕಾಸ್‌ಆರ್ಟ್ಸಿನವರಿಗಾಗಿ ರೂಪಿಸಿದ್ದ ‘ಐಮ್ಯೂಸ್’ ಎಂಬ ವ್ಯವಸ್ಥೆಯಿಂದ ಆಟದ ಸಂಗೀತವು ಸನ್ನಿವೇಶವನ್ನು ನೋಡಿಕೊಂಡು ತಾನೇ ಬದಲಾಗುತ್ತಿತ್ತು. ಹೊಸ ಶತ್ರುನೌಕೆಯು ಬಂದರೆ ರಾಗವು ತಿರುಗುತ್ತಿತ್ತು, ಗುರಿಯು ಸಾಧಿಸಿದರೆ ಇನ್ನೊಂದು ಕಡೆಗೆ ಹೊರಳುತ್ತಿತ್ತು. ವಾದ್ಯಗಳ ಧ್ವನಿಯೇನೋ ಕೃತಕವಾಗಿತ್ತು. 1998ರಲ್ಲಿ ಆಟವನ್ನು ಹೊಸ ಯಂತ್ರಗಳಿಗಾಗಿ ಪುನಃ ಪ್ರಕಟಿಸಿದಾಗ ಅದನ್ನು ತೆಗೆದು, ಚಲನಚಿತ್ರಕ್ಕೆ ಜಾನ್ ವಿಲಿಯಮ್ಸರು ರಚಿಸಿದ ಸಂಗೀತದ ನಿಜವಾದ ಮುದ್ರಣವನ್ನೇ ಸೇರಿಸಿದರು. ಸಾದೃಶ್ಯಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಆ ಶ್ರೇಷ್ಠವಾದ ಸಂಗೀತವು ಹೋರಾಟದಲ್ಲಿ ಗೆದ್ದರೂ ಸೋತರೂ ತನ್ನ ಪಾಡಿಗೆ ತಾನು ನುಡಿಯುತ್ತಾ ಸುತ್ತುತ್ತಿರುತ್ತದೆ. ಪಕ್ಕವಾದ್ಯದವನು ಗಾಯಕನ ಮುಖವನ್ನೇ ನೋಡದೆ ಬಾರಿಸಿದರೆ ಅವನು ಎಂತಹ ವಿದ್ವಾಂಸನಾದರೆ ಏನು? 2014ರಲ್ಲಿ ಈ ಆಟಗಳು ಮತ್ತೆ ಮಾರಾಟಕ್ಕೆ ಬಂದಾಗ ಹಳೆಯ ರೂಪವನ್ನೂ ಜೊತೆಗಿಟ್ಟು ಕೊಟ್ಟುದು ಒಳ್ಳೆಯ ಕೆಲಸವಾಯಿತು.

ಚಲನಚಿತ್ರಗಳ ಎರಡನೆಯ ಮರ್ಮವನ್ನು, ಎಂದರೆ ತಾನು ಯಾರೆಂಬ ಪ್ರಶ್ನೆಯನ್ನು, ಆಟದೊಳಕ್ಕೆ ತಂದುದು 2003ರಲ್ಲಿ ಕೆನಡಾದ ಬಯೋವೇರ್ ಸಂಸ್ಥೆಯವರು ರಚಿಸಿದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’. ಇದರಲ್ಲಿ ಚಲನಚಿತ್ರದ ಒಂದು ಪಾತ್ರವೂ ಇಲ್ಲ. ಕಥೆಯು ಅವಕ್ಕಿಂತ ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ನಡೆಯುತ್ತದೆ. ಆಡುವವರು ತಮ್ಮ ನಾಯಕನಿಗೆ, ಗಂಡಾಗಲಿ ಹೆಣ್ಣಾಗಲಿ, ಹೆಸರನ್ನೂ ಮುಖವನ್ನೂ ತಾವೇ ಕೊಡುತ್ತಾರೆ. ಆ ನಾಯಕನು ಮುತ್ತಿಗೆಗೆ ಒಳಗಾದ ನೌಕೆಯೊಂದರಲ್ಲಿ ಎಚ್ಚರಗೊಳ್ಳುತ್ತಾನೆ. ಜೆಡೈ ಎಂಬ ಯೋಧಯತಿಗಳ ಶಿಷ್ಯನಾಗುತ್ತಾನೆ. ಮಾಲಕ್ ಎಂಬ ದುಷ್ಟಪ್ರಭುವಿನ ಬಲಕ್ಕೆ ಮೂಲವಾದ ರಹಸ್ಯಯಂತ್ರವನ್ನು ಹುಡುಕಿಕೊಂಡು ಗ್ರಹದಿಂದ ಗ್ರಹಕ್ಕೆ ಹೋಗುತ್ತಾನೆ. ಮಾಲಕನಿಗೆ ಹಿಂದೆ ರೆವನ್ ಎಂಬ ಗುರುವಿದ್ದನೆಂದೂ ಅವನು ಸತ್ತನೆಂದೂ ದಾರಿಯುದ್ದಕ್ಕೂ ಕೇಳಿಬರುತ್ತದೆ. ಕಥೆಯು ಅರ್ಧವನ್ನು ಮೀರಿದ ಮೇಲೆ ಮಾಲಕನು ಎದುರಿಗೆ ನಿಂತು ನಗುತ್ತಾ ತಿಳಿಸುತ್ತಾನೆ: ರೆವನ್ ಸತ್ತಿಲ್ಲ, ಜೆಡೈ ಗುರುಗಳು ಅವನ ನೆನಪನ್ನು ಅಳಿಸಿ ಹೊಸ ಹೆಸರನ್ನಿಟ್ಟು ತಮ್ಮ ಕಾರ್ಯಕ್ಕೆ ಬಳಸಿಕೊಳ್ಳುತ್ತಿದ್ದಾರೆ, ಈ ನಾಯಕನೇ ಆ ರೆವನ್.

ಶಾಕುಂತಲದಲ್ಲಿ ದುಷ್ಯಂತನು ಮರೆತಿರುತ್ತಾನೆ, ಪ್ರೇಕ್ಷಕನಿಗೆ ನೆನಪಿರುತ್ತದೆ. ದುರ್ವಾಸನ ಶಾಪವನ್ನು ಕೇಳಿದವನು ಅವನೇ ತಾನೆ? ರಾಜನ ಮರವೆಯನ್ನು ನೋಡಿ ಅವನು ಮರುಗುತ್ತಾನೆ, ಉಂಗುರವು ಸಿಕ್ಕಿದಾಗ ನಿಟ್ಟುಸಿರು ಬಿಡುತ್ತಾನೆ. ಇಲ್ಲಿಯ ಅಭಿಜ್ಞಾನವು ಬೇರೆ ಜಾತಿಯದು. ನಾಯಕನೊಡನೆ ಆಡುವವನೂ ಮರೆತಿದ್ದಾನೆ. ಅಥವಾ, ಅವನಿಗೆ ನೆನಪೆಂಬುದೇ ಇರಲಿಲ್ಲ, ಇರಲಿಲ್ಲವೆಂಬುದನ್ನು ಅವನು ಗಮನಿಸಿರಲಿಲ್ಲ. ಆಟದ ಆದಿಯಲ್ಲಿ ಎಲ್ಲ ಆಟಗಳ ನಾಯಕರೂ ಹಿಂದುಮುಂದಿಲ್ಲದೆ ಹುಟ್ಟುತ್ತಾರೆ. ಅದು ಆಟದ ರೂಢಿಯೆಂದು ಎಲ್ಲರೂ ಒಪ್ಪಿಕೊಂಡಿರುತ್ತಾರೆ. ಆ ರೂಢಿಯನ್ನೇ ಈ ಕವಿಗಳು ಶಾಪವನ್ನಾಗಿ ಮಾಡಿದರು. 1980ರ ಚಲನಚಿತ್ರವು ಲ್ಯೂಕನಿಗೆ ಅವನು ಯಾರ ಮಗನೆಂದು ಹೇಳಿತು, ನೋಡುವವರು ಬೆಚ್ಚಿದರು. 2003ರ ಆಟವು ಆಡುವವನಿಗೇ ಅವನು ಯಾರೆಂದು ಹೇಳಿತು. ಒಂದು ದೃಶ್ಯವನ್ನೂ ಎತ್ತಿಕೊಳ್ಳದೆ ಮೂಲದ ಹೃದಯವನ್ನು ತೆಗೆದುಕೊಂಡುದಕ್ಕೆ ಇದಕ್ಕಿಂತ ಮೇಲಾದ ಉದಾಹರಣೆಯು ಈ ಸಾಲಿನಲ್ಲಿ ಸಿಕ್ಕಲಾರದು.

ಎರಡನೆಯ ಸಲ ಆಡಿದವರಿಗೆ ಈ ಕೃತಿಯ ಬಂಧವು ಎಷ್ಟು ಬಿಗಿಯೆಂಬುದು ತಿಳಿಯುತ್ತದೆ. ಶಿಷ್ಯನನ್ನಾಗಿ ಸ್ವೀಕರಿಸುವುದಕ್ಕೆ ಮುಂಚೆ ಗುರುಮಂಡಲಿಯು ತಡವರಿಸುತ್ತದೆ. ಮೊದಲ ಸಲ ಅದು ವೃದ್ಧರ ಶಂಕಾಸ್ವಭಾವವೆಂದು ತೋರಿತ್ತು, ಈಗ ಅದು ಭಯವೆಂದು ತಿಳಿಯುತ್ತದೆ. ಬಸ್ತೀಲಾ ಎಂಬ ತರುಣಿಯು ನಾಯಕನ ಮೇಲೆ ಕಣ್ಣಿಟ್ಟಿರುವುದು ಅಹಂಕಾರದಿಂದಲ್ಲ, ಕಾವಲಿನಿಂದ. ಮರಳುಗ್ರಹದ ಅಂಗಡಿಯೊಂದರಲ್ಲಿ ಕೊಂಡ ಎಚ್‌ಕೆ-47 ಎಂಬ ಕೊಲೆಗಾರ ಯಂತ್ರಪುರುಷನು, ತನ್ನ ಹಳೆಯ ಒಡೆಯನು ಯಾರೋ ನೆನಪಿಲ್ಲವೆನ್ನುತ್ತಾ ವಿನೋದವಾಗಿ ಹರಟುತ್ತಿರುತ್ತಾನೆ. ಆ ಒಡೆಯನು ಅವನ ಎದುರಿಗೇ ನಿಂತು ಚೌಕಾಸಿ ಮಾಡಿ ಅವನನ್ನು ಕೊಂಡವನು. ಹಾಸ್ಯವೆಂದು ನಕ್ಕ ಮಾತುಗಳು ಮರುಓದಿನಲ್ಲಿ ತಣ್ಣಗೆ ಕೊರೆಯುತ್ತವೆ.

ಇಷ್ಟು ಮೆಚ್ಚಿದ ಮೇಲೆ ದೋಷವನ್ನೂ ಹೇಳಬೇಕು, ಅದು ಸಣ್ಣದಲ್ಲ. ಆಡುವವನು ಒಳ್ಳೆಯ ಕೆಲಸವನ್ನು ಮಾಡಿದರೆ ಬೆಳಕಿನ ಪಕ್ಷದ ಅಂಕವೂ ಕೆಟ್ಟುದನ್ನು ಮಾಡಿದರೆ ಕತ್ತಲೆಯ ಪಕ್ಷದ ಅಂಕವೂ ಅವನ ಲೆಕ್ಕಕ್ಕೆ ಸೇರುತ್ತವೆ, ಸೇರಿದುದನ್ನು ಪರದೆಯು ಆಗಲೇ ಸಾರಿಬಿಡುತ್ತದೆ. ಬಡವನಿಗೆ ಹಣ ಕೊಟ್ಟರೆ ಇಷ್ಟು, ಕಿತ್ತುಕೊಂಡರೆ ಅಷ್ಟು. ಚಿತ್ರಗುಪ್ತನ ಕಡತವನ್ನು ಚಿತ್ರಗುಪ್ತನೇ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದರೆ ಯಾರಿಗೆ ತಾನೆ ಧರ್ಮಸಂಕಟವು ಉಂಟಾಗುವುದು? ಧರ್ಮದ ಗತಿಯು ಸೂಕ್ಷ್ಮವೆಂಬುದು ಭಾರತವನ್ನು ಕೇಳಿದ ಅಜ್ಜಿಯರಿಗೂ ಗೊತ್ತು. ಇಲ್ಲಿ ಅದು ಕಿರಾಣಿ ಅಂಗಡಿಯ ಲೆಕ್ಕದಷ್ಟು ಸ್ಥೂಲವಾಗಿದೆ. ಕೆಟ್ಟವನಾಗಲು ಹೊರಟವನು ಮಾಡಬೇಕಾದುದು ಬಹುಪಾಲು ಬೀದಿಯ ಪುಂಡಾಟ. ಎಲ್ಲೋ ಒಂದೆರಡು ಕಡೆ ಮಾತ್ರ, ಮುಖ್ಯವಾಗಿ ಕೊನೆಯಲ್ಲಿ ಝಾಲ್ಬಾರ್ ಎಂಬ ನಿಷ್ಠಾವಂತನಿಗೆ ಅವನ ಪ್ರಾಣಸ್ನೇಹಿತೆಯಾದ ಹುಡುಗಿಯನ್ನೇ ಕೊಲ್ಲೆಂದು ಆಜ್ಞೆಮಾಡುವ ಸ್ಥಳದಲ್ಲಿ, ಪಾಪವು ಪಾಪದ ತೂಕವನ್ನು ಪಡೆಯುತ್ತದೆ. ಅಷ್ಟಲ್ಲದೆ ಗುರುಗಳೇ ಒಬ್ಬ ಮನುಷ್ಯನ ನೆನಪನ್ನು ಅಳಿಸಿ ಅವನನ್ನು ಬಾಣದಂತೆ ಪ್ರಯೋಗಿಸಿದುದು ಧರ್ಮವೇ ಎಂಬ ಮಹಾಪ್ರಶ್ನೆಯನ್ನು ಎತ್ತಿದ ಆಟವು, ಒಂದೆರಡು ಸಂಭಾಷಣೆಗಳಲ್ಲಿ ಅದನ್ನು ಮುಗಿಸಿ ಯುದ್ಧಕ್ಕೆ ಓಡುತ್ತದೆ.

ಆ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡುದು ಇದರ ಉತ್ತರಭಾಗ. ಅದನ್ನು ರಚಿಸಿದವರು ಅಬ್ಸಿಡಿಯನ್ ಎಂಬ ಬೇರೆ ಸಂಸ್ಥೆಯವರು. ಕ್ರಿಸ್ ಅವೆಲೋನ್ ಎಂಬವರು ಅದರ ಮುಖ್ಯ ಲೇಖಕರು. 2004ರ ಕೊನೆಯಲ್ಲಿ ಅದು ಹೊರಬಂದಿತು. ಅದರಲ್ಲಿ ನಾಯಕನಿಗೆ ದಾರಿ ತೋರಿಸುವವಳು ಕ್ರೇಯಾ ಎಂಬ ವೃದ್ಧೆ. ಒಂದು ಗ್ರಹದ ನಿರಾಶ್ರಿತರ ಬೀದಿಯಲ್ಲಿ ಭಿಕ್ಷುಕನೊಬ್ಬನು ಕೈಯೊಡ್ಡುತ್ತಾನೆ. ಕೊಟ್ಟರೆ, ಆ ಹಣಕ್ಕಾಗಿ ಬೇರೊಬ್ಬರು ಅವನ ಮೇಲೆ ಬಿದ್ದು ಹೊಡೆಯುವುದನ್ನು ಕ್ರೇಯಾ ತೋರಿಸುತ್ತಾಳೆ. ಕೊಡದಿದ್ದರೆ, ಅವನು ಹತಾಶನಾಗಿ ಇನ್ನೊಬ್ಬನ ಮೇಲೆ ಬೀಳುವುದನ್ನು ತೋರಿಸುತ್ತಾಳೆ. ಮೊದಲನೆಯ ಆಟದ ಲೆಕ್ಕದ ಪುಸ್ತಕವನ್ನು ಅವಳು ಎರಡೂ ಕಡೆಯಿಂದ ಹರಿದುಹಾಕಿದಳು. ಫೋರ್ಸೆಂಬ ಶಕ್ತಿಯೇ ಎಲ್ಲರನ್ನೂ ಬೊಂಬೆಗಳಂತೆ ಆಡಿಸುತ್ತಿರುವುದೆಂದು ಅದನ್ನೇ ದ್ವೇಷಿಸುವ ಈ ಮುದುಕಿಯಂತಹ ಪಾತ್ರವು ಮೂರು ಚಲನಚಿತ್ರಗಳಲ್ಲಿ ಎಲ್ಲಿಯೂ ಇಲ್ಲ. ಅವಳ ವಾದದಲ್ಲಿ ಕಾಠಿಣ್ಯವಿದೆ, ಕರುಣೆ ಕಡಮೆ. ಭಿಕ್ಷುಕನಿಗೆ ಕೊಟ್ಟವನನ್ನು ಗದರಿಸುವವಳ ಮಾತನ್ನು ಪೂರ್ತಿಯಾಗಿ ಒಪ್ಪುವುದು ದಾನವನ್ನು ಧರ್ಮವೆಂದು ಬಾಳಿದವರಿಗೆ ಸಾಧ್ಯವಲ್ಲ. ಆದರೂ ಉತ್ತರ ಕೊಡುವುದಕ್ಕೆ ಮುಂಚೆ ಬಹಳ ಹೊತ್ತು ಯೋಚಿಸಬೇಕಾಗುತ್ತದೆ.

ದುರ್ದೈವದಿಂದ ಈ ಎರಡನೆಯ ಕೃತಿಯನ್ನು ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚಾದ ಅವಧಿಯಲ್ಲಿ ಮುಗಿಸಬೇಕಾಗಿ ಬಂದುದರಿಂದ ಅದರ ಕಡೆಯ ಭಾಗವು ಮುರಿದ ಗೋಪುರದಂತೆ ನಿಂತಿತು. ಪಾತ್ರಗಳು ಬಂದವರು ಕಾಣೆಯಾಗುತ್ತಾರೆ. ಕೆಲವರ ಕಥೆಗೆ ಕೊನೆಯೇ ಇಲ್ಲ. ಆದರೆ ಕೈಬಿಟ್ಟ ಸಂಭಾಷಣೆಗಳೂ ಧ್ವನಿಮುದ್ರಣಗಳೂ ಮಾರಾಟವಾದ ತಟ್ಟೆಗಳ ಒಳಗೇ ಅಡಗಿದ್ದುವು. ಯಾವ ಸಂಬಳವೂ ಇಲ್ಲದ ಕೆಲವು ಅಭಿಮಾನಿಗಳು ವರ್ಷಗಟ್ಟಲೆ ಕುಳಿತು ಅವುಗಳನ್ನು ಹೊರತೆಗೆದು, ಯಾವುದು ಎಲ್ಲಿ ಸೇರಬೇಕಾಗಿತ್ತೆಂದು ಊಹಿಸಿ, ಮತ್ತೆ ಹೊಲಿದು ಕೂಡಿಸಿದರು. ಗೆದ್ದಲು ತಿಂದ ಓಲೆಗರಿಯ ಕಟ್ಟನ್ನು ಬಿಚ್ಚಿ ಪಾಠವನ್ನು ಪರಿಷ್ಕರಿಸಿದ ಪಂಡಿತರು ಮಾಡಿದುದೂ ಇಂತಹ ಕೆಲಸವನ್ನೇ. ಹಾಗೆ ಕೂಡಿಸಿದ ರೂಪದಲ್ಲಿ ಆಡಿದವರು, ಕೊನೆಯ ಗ್ರಹದ ಗರ್ಭದಲ್ಲಿ ಸೋತು ಬಿದ್ದ ಕ್ರೇಯಾಳ ಬಳಿಗೆ ಬರುವ ಹೊತ್ತಿಗೆ ಅವಳು ಯಾರು ಯಾರ ವಿಷಯವನ್ನು ಹೇಳುವಳೋ ಅವರನ್ನೆಲ್ಲ ಹೆಚ್ಚು ಚೆನ್ನಾಗಿ ಅರಿತಿರುತ್ತಾರೆ. ನಾಯಕನು ಕೇಳಿದರೆ, ಆ ಸಾಯುತ್ತಿರುವ ಮುದುಕಿಯು ಅವನ ಸಂಗಡಿಗರಲ್ಲಿ ಒಬ್ಬೊಬ್ಬರಿಗೂ ಮುಂದೆ ಏನಾಗುವುದೆಂಬುದನ್ನು ಸಮಾಧಾನವಾಗಿ ಹೇಳುತ್ತಾಳೆ. ಅಷ್ಟು ಹೊತ್ತು ಆಡುವವನ ಕೈಗೆ ಮಾಡುವ ಕೆಲಸವೇನೂ ಇರುವುದಿಲ್ಲ. ಇನ್ನೊಂದು ಪ್ರಶ್ನೆಯನ್ನು ಕೇಳುವುದೊಂದೇ ಉಳಿದಿರುತ್ತದೆ.